ಹಿಂದಕ್ಕೆ ಹೋಗಬಾರದ ಗಾಡಿ

ಮದುವೆಗೆ ಮೊದಲು ನಮ್ಮವರು ನನಗೆ ಆರು ಪತ್ರ ಬರೆದಿದ್ದರು. ಐದರಲ್ಲಿ ಬರೀ ಗಾಡಿಯ ಸುದ್ದಿ. ಆರನೆಯದರಲ್ಲಿ ನನ್ನ ಆರೋಗ್ಯ ವಿಚಾರಿಸಿ ಒಂದು ಸಾಲು, ಉಳಿದದ್ದು ಮತ್ತೆ ಗಾಡಿ. ನಾನಾಗ ಉದಗೀರಿನ ಸರಕಾರಿ ದವಾಖಾನೆಯಲ್ಲಿ ನರ್ಸು. ಪತ್ರ ಬಂದಾಗಲೆಲ್ಲ ಜೊತೆಯ ನರ್ಸುಗಳು ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಸುತ್ತ ಸೇರುತ್ತಿದ್ದರು. ನಾನು ಗಟ್ಟಿಯಾಗಿ ಓದತೊಡಗಿದರೆ ನಾಲ್ಕನೆಯ ಸಾಲಿಗೆ ಒಬ್ಬೊಬ್ಬರೇ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಅವರು ಬೀದರಿನಲ್ಲಿ ಲಾರಿ ರಿಪೇರಿ ಮಾಡುವ ಮಿಸ್ತ್ರಿ. ಶಾಲೆಯಲ್ಲಿ ಓದಿದ್ದು ಉರ್ದು, ಕನ್ನಡ ಬಂದದ್ದು ಚರ್ಚಿನಿಂದ. ಹೀಗಾಗಿ ನಟ್ಟು ಬೋಲ್ಟಿನ ವಿಷಯವನ್ನೂ ಪ್ರಾರ್ಥನೆಯ ಕನ್ನಡದಲ್ಲೇ ಬರೆಯುತ್ತಿದ್ದರು. ಕೈಹಿಡಿಯುವ ಹುಡುಗಿಗೆ ಏನು ಬರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಆದರೂ ಒಂದಕ್ಷರ ಬಿಡದೆ ಓದುತ್ತಿದ್ದೆ. ಓದಿ ಓದಿ, ಕಣ್ಣಿಂದ ಕಾಣದ ಒಂದು ಗಾಡಿಯ ಹೊಟ್ಟೆಯೊಳಗೆ ಏನೇನಿದೆ ಎಂಬುದು ನನಗೆ ಬಾಯಿಪಾಠವಾಗಿಹೋಯಿತು.

ಆ ಗಾಡಿ ಹುಟ್ಟಿದ್ದು ನಮ್ಮ ಅಪ್ಪನ ಹಟದಿಂದ. ನಮ್ಮೂರು ಔರಾದ ತಾಲೂಕಿನ ಡಾಬಕಾ. ಸುತ್ತಲಿನವರು ಯಾರೂ ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ಅಪ್ಪ ಬೇಕಂತಲೇ ಆಷಾಢ ಹಿಡಿದ. ಚರ್ಚಿಗೆ ಸೇರಿ ಎರಡು ತಲೆಮಾರಾಯಿತು, ಇನ್ನೂ ಮುಹೂರ್ತ ನೋಡುವುದೇನು ಎಂದು ಅವನ ವಾದ. ಬ್ಯಾಂಡಿನವರು ಆ ತಿಂಗಳು ಖಾಲಿ ಕೂತಿರುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ನಿಶ್ಚಯದ ದಿನ ಊಟಕ್ಕೆ ಕೂತಾಗ, ಮಳೆಗಾಲದ ದಾರಿಯ ಮಾತು ಬಂತು.

“ಕಮಲನಗರದ ತನಕ ನಡಕೊಂಡು ಹೋಗಿ ರೈಲು ಹತ್ರಿ. ಭಾಲ್ಕಿ ಮ್ಯಾಲಿಂದ ಆರಾಮ ಬೀದರ ಮುಟ್ಟತೀರಿ,” ಅಂದ ಅಪ್ಪ.

“ಮದುಮಗಳನ್ನ ನಡಸ್ಕೊಂಡು ಹೋಗೋದೇನ್ರಿ ಮಾವಾ? ಮೋಟಾರಿನಾಗ ಒಯ್ತೇನಿ.”

“ನಮ್ಮ ಎರಿ ನೆಲದಾಗ ಮಳಿ ಬಿದ್ರ ಎತ್ತೇ ಹುದುಗತಾವ್ರಿ.”

“ನಾಲ್ಕೂ ಗಾಲಿ ಎಳದ್ರ ಹ್ಯಾಂಗ ಹುದುಗತದರಿ?”

ಆಡಿದ ಮಾತು ಹತ್ತು ಜನರ ಮುಂದೆ ಆಡಿಯಾಗಿತ್ತು. ಇನ್ನು ಗಾಡಿ ಮಾಡದೆ ಗತಿಯಿರಲಿಲ್ಲ.

ಬೀದರಿನ ಒಂದು ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ವ್ಯಾನೊಂದನ್ನು ಅವರು ಎತ್ತಿಕೊಂಡು ಬಂದರು. ಎಲ್ಲ ವ್ಯಾನಿನಂತೆ ಅದಕ್ಕೂ ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಹೈದರಾಬಾದಿನ ಗುಜರಿಯಿಂದ ಮಿಲಿಟರಿ ಜೀಪಿನ ಮುಂದಿನ ಅಚ್ಚು ತಂದು ಜೋಡಿಸಿದರು. ಎಂಜಿನ್ನಿನ ಬಲವನ್ನು ಅದಕ್ಕೆ ಮುಟ್ಟಿಸಲು ಮೊದಲು ಎರಡು ಹಲ್ಲುಚಕ್ರಗಳನ್ನು ಒಂದಕ್ಕೊಂದು ಕಚ್ಚಿಸಿದರಂತೆ. ಕಚ್ಚಿಕೊಂಡ ಚಕ್ರಗಳು ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ. ಗಾಡಿ ಚಾಲೂ ಮಾಡಿದರೆ ಹಿಂದಿನ ಗಾಲಿ ಮುಂದಕ್ಕೆ, ಮುಂದಿನ ಗಾಲಿ ಹಿಂದಕ್ಕೆ. ಇಡೀ ಓಣಿ ನೋಡುತ್ತಿದ್ದಂತೆ ಗಾಡಿ ನಿಂತಲ್ಲೇ ನಿಂತು ನಡುಗಿತಂತೆ. ಅದನ್ನೂ ಮುಚ್ಚಿಡದೆ ಬರೆದಿದ್ದರು. ಆ ಪತ್ರ ಓದಿದ ದಿನ, ಈ ಮನುಷ್ಯ ಸುಳ್ಳು ಹೇಳುವವನಲ್ಲ ಎಂದು ನನಗೆ ಮೊದಲ ಸಲ ಅನ್ನಿಸಿತು.

ಮೂರನೆಯ ಪತ್ರದಲ್ಲಿ ಚೈನು ಬಂತು. ಚೈನು ಹಾಕಿದರೆ ಎರಡೂ ಚಕ್ರ ಒಂದೇ ಕಡೆ ತಿರುಗುತ್ತವೆ, ಸೈಕಲ್ಲಿನಲ್ಲಿ ತಿರುಗುವಂತೆ. ಆದರೆ ಸೈಕಲ್ಲಿನ ಚೈನು ವ್ಯಾನು ಎಳೆಯುವುದಿಲ್ಲ. ಭಾಲ್ಕಿಯಲ್ಲಿ ಹತ್ತಿ ಹಿಂಜುವ ಗಿರಣಿಯೊಂದು ಹಳೆಯ ಯಂತ್ರ ಬಿಚ್ಚಿ ಹಾಕಿತ್ತು. ಅಲ್ಲಿಗೆ ರೈಲಿನಲ್ಲಿ ಹೋಗಿ, ಮಣಭಾರದ ಚೈನನ್ನು ಗೋಣಿಚೀಲದಲ್ಲಿ ಸುತ್ತಿ ಹೊತ್ತು ತಂದರು. ನಾಲ್ಕನೆಯ ಪತ್ರದಲ್ಲಿ ಅದರ ಚಾಳಿ ಬರೆದಿದ್ದರು. ಮುಂದಿನ ಗಾಲಿ, ಹಿಂದಿನ ಗಾಲಿ ತಿರುವಿನಲ್ಲಿ ಒಂದೇ ಅಳತೆ ಓಡುವುದಿಲ್ಲವಾದ್ದರಿಂದ ಗಟ್ಟಿ ನೆಲದ ಮೇಲೆ ಚೈನು ಬಿಗಿದುಕೊಂಡು ಗಾಡಿ ನಿಂತುಬಿಡುತ್ತದೆ. ಆಗ ಒಂದು ಮೊಳ ಹಿಂದಕ್ಕೆ ಉರುಳಿಸಿದರೆ ತಾನಾಗಿ ಸಡಿಲಾಗುತ್ತದೆ. ಐದನೆಯದರಲ್ಲಿ ಅವರ ದೊಡ್ಡ ಹೆಮ್ಮೆ: ಚೈನಿಗೆ ಕೆಸರು ತಾಗದಂತೆ ಎಣ್ಣೆ ಡಬ್ಬಿಯ ತಗಡು ಬಡಿದು ಸುತ್ತಲೂ ಮುಚ್ಚಿದ ಕವರು.

ನನ್ನ ತಲೆಯಲ್ಲಿ ಬೇರೆಯೇ ಚಿಂತೆ ಓಡುತ್ತಿತ್ತು. ಹೈದರಾಬಾದ್ ಸರಕಾರ ಹೋಗಿ, ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಸೇರಿದ್ದವು. ಉದಗೀರು ಮುಂಬಯಿ ಕಡೆ ಹೋಯಿತು. ನಿನ್ನೆಯ ತನಕ ಒಂದೇ ಜಿಲ್ಲೆ, ಈಗ ಎರಡು ರಾಜ್ಯ. ನಾನಿದ್ದ ದವಾಖಾನೆ ಆಚೆ, ನಾನು ಸೇರಬೇಕಾದ ಮನೆ ಈಚೆ. ಮದುವೆಯ ಕಾರಣ ಹೇಳಿ ಮೈಸೂರು ರಾಜ್ಯಕ್ಕೆ ವರ್ಗ ಮಾಡಿರೆಂದು ಅರ್ಜಿ ಹಾಕಿದ್ದೆ. ಚರ್ಚಿನಲ್ಲಿ ಮೂರು ಭಾನುವಾರ ಮದುವೆ ಪ್ರಕಟವಾಗಿ, ಗುರುವಾರ ಮದುವೆಯೆಂದು ಗೊತ್ತಾದ ಮೇಲೆ ಆರ್ಡರು ಬಂತು. ಮದುವೆಯ ಸರ್ಟಿಫಿಕೇಟಿನ ಜೊತೆ ಅದೇ ಶನಿವಾರ ಮಧ್ಯಾಹ್ನ ಎರಡರೊಳಗೆ ಬೀದರಿನ ದವಾಖಾನೆಯಲ್ಲಿ ಹಾಜರಾಗಿ ಸಹಿ ಮಾಡಬೇಕು. ಇಲ್ಲವಾದರೆ ಬರುವ ಇಚ್ಛೆ ಬಿಟ್ಟಂತೆ ಎಂದು ತಿಳಿಯಲಾಗುವುದು. ಆಚೆ ರಾಜ್ಯದಲ್ಲಿ ನೌಕರಿ ಮಾಡುವ ಸೊಸೆಯನ್ನು ಅತ್ತೆ ಇಟ್ಟುಕೊಳ್ಳುವವರಲ್ಲ ಎಂಬುದು ನನಗೆ ಸ್ಪಷ್ಟವಿತ್ತು. ಸಹಿ ತಪ್ಪಿದರೆ ನೌಕರಿ ಹೋಯಿತು ಅಂತಲೇ ಅರ್ಥ. ನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತ ಕಾಲಲ್ಲಿ ನಿಂತು ಗಳಿಸಿದ ನೌಕರಿ ಅದು.

ಶುಕ್ರವಾರ ಬೆಳಿಗ್ಗೆ ಹೊರಟೆವು. ಗಾಡಿಯಲ್ಲಿ ಮೂವರೇ. ಅವರು ಸ್ಟಿಯರಿಂಗಿಗೆ, ಹಿಂದೆ ಹಲಗೆಯ ಮೇಲೆ ನಾನು ಮತ್ತು ಅತ್ತೆ. ನಾನು ಮದುವೆಯ ಬಿಳಿ ಸೀರೆಯಲ್ಲೇ ಇದ್ದೆ. ಆರ್ಡರನ್ನೂ ಸರ್ಟಿಫಿಕೇಟನ್ನೂ ಮೇಣಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಅಪ್ಪ ಕಿಟಕಿಯ ಹತ್ತಿರ ಬಂದು, “ರೈಲು ಇನ್ನೂ ಅದ, ನೋಡವ್ವಾ,” ಅಂದ. ಎಂಜಿನ್ನಿನ ಸದ್ದಿಗೆ ಅದು ಮುಂದೆ ಕೂತವರಿಗೆ ಕೇಳಿಸಲಿಲ್ಲ.

ಸುಳ್ಳೇಕೆ ಹೇಳಲಿ, ಮೊದಲ ಒಂದು ಹರದಾರಿ ಗಾಡಿ ಚೆನ್ನಾಗಿ ಹೋಯಿತು. ಮೊಣಕಾಲುದ್ದದ ರಾಡಿಯಲ್ಲಿ ನಾಲ್ಕೂ ಗಾಲಿ ತೆವಳಿಕೊಂಡು ಎಳೆದವು. ಹೊಲದಲ್ಲಿದ್ದ ಜನ ಕೆಲಸ ಬಿಟ್ಟು ನೋಡಿದರು. ನನ್ನ ಎದೆಯೂ ಉಬ್ಬಿತು. ಆಮೇಲೆ ಕಾಲಕೆಳಗಿಂದ ಕರಕರ ಸದ್ದು ಶುರುವಾಯಿತು. ಒಂದು ಸಲ ಟಣ್ ಎಂದಿತು. ಗಾಡಿ ಕಂಬ ಹುಗಿದಂತೆ ನಿಂತುಬಿಟ್ಟಿತು.

ಅವರು ಇಳಿದು ಕೆಳಗೆ ತೂರಿದರು. ಬಹಳ ಹೊತ್ತು ಅವರ ಎರಡು ಪಾದ ಮಾತ್ರ ಕಾಣುತ್ತಿದ್ದವು. ನನ್ನ ಕಾಲಬಳಿ ಹಲಗೆಯಲ್ಲಿ ಅಂಗೈಯಗಲದ ಸಂದಿತ್ತು. ಬಗ್ಗಿ ನೋಡಿದೆ. ತಗಡಿನ ಕವರು ಎಲ್ಲ ಕಡೆ ಉಬ್ಬಿಕೊಂಡಿತ್ತು. ನೋಡಿದ ಕೂಡಲೆ ಗೊತ್ತಾಯಿತು. ಬೀದರಿನ ಕೆಂಪು ಮುರುಮದ ಗಟ್ಟಿ ನೆಲದಲ್ಲಿ ಬೆಳೆದವರಿಗೆ ಮಣ್ಣು ಅಂದರೆ ಮೇಲಿಂದ ಸಿಡಿಯುವ ವಸ್ತು, ಮುಚ್ಚಿದರೆ ತಾಗುವುದಿಲ್ಲ. ಎರೆಮಣ್ಣು ಹಾಗಲ್ಲ. ಅದು ಹೇಗಾದರೂ ಒಳಗೆ ಹೋಗುತ್ತದೆ, ಹೋದಮೇಲೆ ಹೊರಗೆ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ಕೂರಿಗೆಗಾಗಲಿ ಬಂಡಿಯ ಗಾಲಿಗಾಗಲಿ ಯಾರೂ ಏನೂ ಮುಚ್ಚುವುದಿಲ್ಲ. ಬಯಲಾಗಿಟ್ಟು, ಚಪ್ಪಟೆ ಕೋಲಿನಿಂದ ಹೆಜ್ಜೆಹೆಜ್ಜೆಗೂ ಕೆರೆಯುತ್ತ ಹೋಗುತ್ತೇವೆ. ಕವರಿನೊಳಗೆ ತುಂಬಿದ ಮಣ್ಣು ಹಲ್ಲುಹಲ್ಲಿಗೂ ಮೆತ್ತಿ, ಚೈನನ್ನು ಮೇಲೆತ್ತಿ ಬಿಗಿದಿತ್ತು.

ಅತ್ತೆಯ ಮುಂದೆ ಗಂಡನ ಜೊತೆ ನೇರ ಮಾತಾಡುವ ಹಾಗಿರಲಿಲ್ಲ. ಹೀಗಾಗಿ ನಮ್ಮ ಮೊದಲ ಸಂಭಾಷಣೆ ಅತ್ತೆಯ ಕಿವಿಯಿಂದಲೇ ಹಾಯ್ದು ಹೋಯಿತು.

“ಅತ್ತಿ, ಆ ಕವರು ಕಿತ್ತು ಒಗೀಲಿಕ್ಕ ಹೇಳ್ರಿ.”

“ಮಗಾ, ಕವರು ಕಿತ್ತು ಒಗೀಬೇಕಂತ.”

“ಕವರು ಕಿತ್ರ ಚೈನಿಗ ಮಣ್ಣು ಬಡೀತದ ಅಂತ ಹೇಳವ್ವಾ.”

“ಮಣ್ಣು ಬಡೀತದಂತ, ಮಗಳ.”

“ಈಗ ಒಳಗ ಏನು ಸಕ್ಕರಿ ತುಂಬ್ಯದ ಏನು ಅಂತ ಕೇಳ್ರಿ.”

ಇದನ್ನು ಅತ್ತೆ ಮುಟ್ಟಿಸಲಿಲ್ಲ. ಕೆಳಗಿದ್ದವರಿಗೆ ಕೇಳಿಸಿತ್ತು. ಆಮೇಲೆ ರಿವಿಟ್ಟು ಒಡೆಯುವ ಸದ್ದು ಬಂತು. ಅಷ್ಟು ದಿನ ಕೂತು ಬಡಿದ ತಗಡನ್ನು ಅವರು ತಾವೇ ಹರಿದು ಹೊಲಕ್ಕೆ ಎಸೆದರು. ಹಾದುಹೋಗುತ್ತಿದ್ದ ಒಬ್ಬ ಮುದುಕ ರೈತ ತನ್ನ ಕೋಲು ಕೊಟ್ಟು, ತಾನೂ ಬಗ್ಗಿ ನೋಡಿ, “ಚೈನ್ ಬಿಗದದ. ಗಾಡಿ ಹಿಂದಕ ತಗೀರಿ, ಸಡ್ಲ ಆಗ್ತದ,” ಅಂದ. ನಾಲ್ಕನೆಯ ಪತ್ರದಲ್ಲಿದ್ದ ಮಾತೇ ಅದು.

ಅವರು ಸ್ಟಿಯರಿಂಗಿಗೆ ಬಂದು ಕೂತರು. ಅತ್ತೆ ಹಿಂದಿನಿಂದ ಅವರ ಅಂಗಿ ಹಿಡಿದರು.

“ಹಿಂದಕ ತಗಿಬ್ಯಾಡ.”

“ಒಂದು ಮೊಳ, ಅಷ್ಟೇ, ಅವ್ವಾ.”

“ಒಂದು ಬೆರಳೂ ಬ್ಯಾಡ. ಮದುಮಗಳು ಕೂತ ಗಾಡಿ ಹಿಂದಕ ಹೋಗಬಾರದು.”

ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹೆಂಗಸು ಆಡುವ ಮಾತೇ ಇದು ಎಂದು ನನಗೆ ರೇಗಿತು. ಆದರೆ ಅತ್ತೆ ಮುಂದಿನದನ್ನೂ ಹೇಳಿದರು. ಅವರು ಮದುಮಗಳಾಗಿ ಹೊರಟ ದಿನ ಹಳ್ಳ ಬಂದಿತ್ತಂತೆ. ಬಂಡಿಯನ್ನು ಹಿಂದಕ್ಕೆ ಹೊಡೆದು, ಮರುದಿನ ಮತ್ತೆ ಹೊರಟರಂತೆ. ಮಗ ಹೊಟ್ಟೆಯಲ್ಲಿದ್ದಾಗಲೇ ಗಂಡ ತೀರಿಹೋದ. “ಅವತ್ತಿಂದ ನಾ ಎಷ್ಟು ಪ್ರಾರ್ಥನಿ ಮಾಡೀನಿ, ಆದ್ರ ಆ ಬಂಡಿ ಹೊಳ್ಳಿದ್ದು ನನ್ನ ಕಣ್ಣಿಂದ ಹೋಗವಲ್ದು,” ಅಂದರು. ಅವರ ಕೈ ಇನ್ನೂ ಮಗನ ಅಂಗಿಯನ್ನು ಬಿಟ್ಟಿರಲಿಲ್ಲ.

“ಹಂಗಾರ ನಾ ಇಳೀತೇನ್ರಿ,” ಅಂದೆ.

“ನಮ್ಮ ಮನಿ ಹೊಸ್ತಿಲ ಮುಟ್ಟೋ ತನಕ ನೀ ನೆಲ ತುಳಿಬಾರದು. ಸುಮ್ ಕೂಡು.”

ಕೂತೆ. ಗಾಡಿ ಮುಂದೆ ಹೋಗುವಂತಿಲ್ಲ, ಹಿಂದೆ ಹೋಗಬಾರದು, ನಾನು ಇಳಿಯಬಾರದು. ಮಳೆ ತಗಡಿನ ಮೇಲೆ ಬಿದ್ದು ಬಿದ್ದು ಕಿವಿ ತೂತಾಗುತ್ತಿತ್ತು. ಬಾಗಿಲು ಕೈಗೆಟುಕುವಷ್ಟು ಹತ್ತಿರ, ಅದಕ್ಕೆ ಬೀಗವೂ ಇರಲಿಲ್ಲ. ಅದು ನನ್ನನ್ನು ಇನ್ನೂ ಉರಿಸಿತು. ಜೈಲಿನಲ್ಲಾದರೂ ಕಂಬಿಯನ್ನು ಬಯ್ಯಬಹುದು, ಇಲ್ಲಿ ಬಯ್ಯಲು ಎದುರಿಗಿದ್ದದ್ದು ಚಿಕ್ಕ ವಯಸ್ಸಿಗೆ ಗಂಡನನ್ನು ಕಳಕೊಂಡು ಹೆದರಿ ಕೂತ ಒಬ್ಬ ಹೆಂಗಸು. ನಮ್ಮವರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಇಳಿದು ಚೈನಿನ ಹತ್ತಿರ ಹೋದರು. ಕೆರೆದರು, ಬಡಿದರು, ಸಬ್ಬಲ್ಲು ಹಾಕಿ ಮೀಟಿದರು. ಕದಲಲಿಲ್ಲ. ನಾನು ಸೊಂಟದ ಮೇಣಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಬೀದರು ಇನ್ನೂ ಹದಿನೈದು ಹರದಾರಿ. ಹೀಗೇ ಕೂತರೆ ಶನಿವಾರ ಎರಡು ಗಂಟೆಗೂ ಇಲ್ಲೇ ಕೂತಿರುತ್ತೇನೆ ಅನ್ನಿಸಿತು. ಈ ಸಲ ಅಂತಲ್ಲ, ಮುಂದೆ ಎಲ್ಲ ಸಲವೂ ಹೀಗೇ, ಯಾರದೋ ಭಯ ಇನ್ಯಾರದೋ ಹೆಮ್ಮೆಯ ನಡುವೆ ಕೈ ಮಡಿಲಲ್ಲಿಟ್ಟು ಕೂತಿರಬೇಕಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದೆ.

“ಅತ್ತಿ, ನಾ ಇಳದ ಮ್ಯಾಲ ಇದು ಮದುಮಗಳ ಗಾಡಿ ಅಲ್ಲರಿ, ಬರೇ ಗಾಡಿ. ಹಿಂದಕ ಹೋದ್ರೂ ನಿಮ್ಮ ಮಗಗ ಏನೂ ಆಗಂಗಿಲ್ಲ.”

ಅತ್ತೆ ನನ್ನ ಕಡೆ ಹೊರಳಿದರು. “ಮತ್ತ ನಿನಗ?” ಅಂದರು.

“ನೆಲ ತುಳಿದಾಕಿ ನಾ. ಏನಾದ್ರೂ ಆದ್ರ ನನಗಾಗ್ಲಿ.”

ಇಳಿದೆ. ಕಾಲು ಪಿಂಡಿಯ ತನಕ ಹೋಯಿತು. ಚಪ್ಪಲಿ ಆ ಮಣ್ಣಿಗೇ ಸೇರಿತು. ನಮ್ಮವರು ಈಗ ನೇರ ನನ್ನ ಜೊತೆಗೇ ಮಾತಾಡಿದರು: “ಮುಂದ ಆ ಜಾಲಿ ಗಿಡದ ಹತ್ರ ನೆಲ ಗಟ್ಟಿ ಅದ. ಅಲ್ಲಿ ನಿಲ್ಲಸ್ತೇನಿ, ಬಂದು ಹತ್ತು.” ಅದು ನನಗೆ ಅವರ ಬಾಯಿಂದ ನೇರ ಬಂದ ಮೊದಲ ಮಾತು.

ಗಾಡಿ ಹಿಂದಕ್ಕೆ ಉರುಳಿತು. ಟಣ್ ಎಂದು ಚೈನು ಸಡಿಲಿತು, ಹೆಂಟೆಹೆಂಟೆಯಾಗಿ ಮಣ್ಣು ಉದುರಿತು. ಮುದುಕ ಕೋಲಿನಿಂದ ಹಲ್ಲು ಕೆರೆದ. ಗಾಡಿ ಒಮ್ಮೆ ಗರ್ಜಿಸಿ ಮುಂದಕ್ಕೆ ನುಗ್ಗಿತು. ಜಾಲಿ ಗಿಡದ ಹತ್ತಿರ ಹೋಯಿತು. ನಿಲ್ಲಲಿಲ್ಲ. ಗಾಲಿ ಅಲ್ಲೂ ಹುದುಗುತ್ತಿದ್ದದ್ದು ನನಗೆ ಕಾಣುತ್ತಿತ್ತು, ನಿಂತರೆ ಮುಗಿಯಿತು ಎಂಬುದೂ ತಿಳಿಯುತ್ತಿತ್ತು. ಆದರೂ ಒಂದು ಸಲ ಹೊರಳಿ ನೋಡಬಹುದಿತ್ತು. ಅತ್ತೆ ಹಿಂದಿನ ಕಿಟಕಿಯಿಂದ ಕೈ ಬೀಸುತ್ತಿದ್ದರು. ಸ್ಟಿಯರಿಂಗಿಗೆ ಕೂತವರ ತಲೆ ಮಾತ್ರ ಇತ್ತ ಹೊರಳಲಿಲ್ಲ. ಗಾಡಿ ದಿಬ್ಬ ಹತ್ತಿ ಆಚೆ ಇಳಿದುಹೋಯಿತು.

ಅಳು ಬರಲಿಲ್ಲ, ಮೈಯೆಲ್ಲ ಬೆಂಕಿಯಾಯಿತು. ಆ ಚೈನಿನ ಜೊತೆಗೇ ಸಂಸಾರ ಮಾಡಲಿ ಅಂದುಕೊಂಡೆ. ಗಾಡಿಯ ಜಾಡು ಹಿಡಿದು ನಡೆದರೆ ಮುಂದಿನ ಊರಲ್ಲೆಲ್ಲೋ ಸಿಗುತ್ತಿದ್ದರು, ಅದೂ ಗೊತ್ತಿತ್ತು. ಸಿಕ್ಕರೆ ಮತ್ತೆ ಹಲಗೆಯ ಮೇಲೆ ಕೂರಬೇಕು. ಎಡಕ್ಕೆ ಹೊಲದ ದಂಡೆಯ ಮೇಲೆ ಕಮಲನಗರಕ್ಕೆ ಕಾಲುದಾರಿಯಿತ್ತು. ಮುದುಕನಿಗೆ ಕೈಮುಗಿದು ಆ ದಾರಿ ಹಿಡಿದೆ.

ಸ್ಟೇಷನ್ ಮುಟ್ಟುವಷ್ಟರಲ್ಲಿ ಸಂಜೆಯ ರೈಲು ಹೋಗಿತ್ತು. ಅಲ್ಲಿ ನಮ್ಮ ಚರ್ಚಿನವರದೊಂದು ಮನೆಯಿತ್ತು. ಅವರು ನನ್ನ ಸೀರೆ ನೋಡಿ ಏನೂ ಕೇಳದೆ ರೊಟ್ಟಿ ಹಾಕಿದರು. ಬೆಳಗಿನ ರೈಲಿಗೆ ಹತ್ತಿದೆ. ಟಿಕೀಟಿಗೆ ಅವ್ವ ಸೆರಗಿಗೆ ಕಟ್ಟಿದ ದುಡ್ಡು ಆಯಿತು. ಭಾಲ್ಕಿಯಲ್ಲಿ ರೈಲು ನಿಂತಾಗ ಆ ಚೈನು ಬಂದ ಗಿರಣಿಯ ಹೊಗೆಕೊಳವೆ ಕಂಡಿತು. ಮುಖ ತಿರುಗಿಸಿಕೊಂಡೆ.

ಬೀದರಿನ ದವಾಖಾನೆಯ ಆಫೀಸಿನಲ್ಲಿ ಗುಮಾಸ್ತರು ಮೊದಲು ನನ್ನ ಕಾಲು ನೋಡಿದರು, ಆಮೇಲೆ ಕಾಗದ.

“ಯಜಮಾನರು ಎಲ್ಲಿ ಅದಾರ?”

“ಮೋಟಾರಿನಾಗ ಬರ್ಲಿಕತ್ಯಾರ್ರಿ.”

“ಮತ್ತ ನೀವು?”

“ನಾ ಜಲ್ದಿ ಬರಬೇಕಿತ್ತು. ಅದಕ್ಕ ಬರಿಗಾಲಿಲೆ ಬಂದೆ.”

ಅವರು ನಕ್ಕು ಪುಸ್ತಕ ಮುಂದಿಟ್ಟರು. ಗಡಿಯಾರದಲ್ಲಿ ಒಂದೂಕಾಲು. ಉದಗೀರಿನಲ್ಲಿ ಉರ್ದುವಿನಲ್ಲಿ ಸಹಿ ಮಾಡುತ್ತಿದ್ದವಳು ಇಲ್ಲಿ ಕನ್ನಡದಲ್ಲಿ ಬರೆದೆ. ಕೊನೆಯ ಅಕ್ಷರ ಗೆರೆ ದಾಟಿತು.

ಅತ್ತೆಯ ಮನೆಯ ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಯಾರ ಆರತಿಯೂ ಇಲ್ಲದೆ, ಕೆಸರುಗಾಲಿನಲ್ಲೇ ಹೊಸ್ತಿಲು ದಾಟಿ ಒಳಗೆ ಹೋದೆ. ನೀರು ಕಾಸಿ ಮೈ ತೊಳೆದೆ, ಒಲೆ ಹಚ್ಚಿದೆ. ಹೊತ್ತು ಇಳಿಯುವ ಮುಂದೆ ಓಣಿಯಲ್ಲಿ ಗಾಡಿಯ ಸದ್ದಾಯಿತು. ಕೆಂಪು ನೆಲ ಹತ್ತಿದ ಮೇಲೆ ತಿರುವುತಿರುವಿಗೂ ಚೈನು ಬಿಗಿದು, ಪ್ರತಿ ಸಲ ಹಿಂದಕ್ಕೆ ಉರುಳಿಸಿಕೊಂಡು ಬಂದಿದ್ದರು. ಅತ್ತೆ ಇಳಿಯುತ್ತಲೇ ಶುರು ಮಾಡಿದರು: ಮುಂದಿನ ಊರಲ್ಲಿ ಗಟ್ಟಿ ನೆಲ ಸಿಕ್ಕ ಕೂಡಲೆ ನಿಲ್ಲಿಸಿ ಮಗ ಜಾಡು ಹಿಡಿದು ಓಡಿದ್ದ, ಬಿಳಿ ಸೀರೆಯಾಕೆ ಸ್ಟೇಷನ್ ಕಡೆ ಹೋದಳೆಂದು ಆ ಮುದುಕ ಹೇಳಿದ ಮೇಲೆ ಹೊರಳಿದ, ಅಲ್ಲಿಂದ ಇಲ್ಲಿಯ ತನಕ ತುತ್ತು ಅನ್ನ ಮುಟ್ಟಿಲ್ಲ.

ನಾನು ಕೇಳಿಸಿಕೊಂಡೆ. ಕಾಲಿಗೆ ನೀರು ತಂದು ಕಟ್ಟೆಯ ಮೇಲಿಟ್ಟೆ. ನನ್ನ ಸಿಟ್ಟು ಇಳಿದಿರಲಿಲ್ಲ. ನಮ್ಮವರು ಹೊಸ್ತಿಲ ಹೊರಗೆ ನಿಂತೇ ಇದ್ದರು, ಒಳಗೆ ಬರಲಿಲ್ಲ. ತಾಯಿ ಅಲ್ಲೇ ಇದ್ದಾರೆ ಎಂಬುದನ್ನೂ ಮರೆತು ನೇರ ನನಗೇ ಹೇಳಿದರು.

“ಹೊಳ್ಳಿ ನೋಡಿದ್ರ ಕಾಲು ಬ್ರೇಕಿನ ಮ್ಯಾಲ ಹೋಗ್ತಿತ್ತು. ಗಾಡಿ ಅಲ್ಲೇ ಹುದುಗತಿತ್ತು, ನಿನ್ನ ಸಹಿ ಹೋಗ್ತಿತ್ತು. ಅದಕ್ಕ ನೋಡಲಿಲ್ಲ.”

“ಸಹಿ ಆತ್ರಿ,” ಅಂದೆ. ಅಷ್ಟು ಅನ್ನುವಷ್ಟರಲ್ಲಿ, ಎರಡು ದಿನ ಎಲ್ಲೂ ಬಾರದ ಅಳು ಅತ್ತೆಯ ಮುಂದೆಯೇ ಬಂದುಬಿಟ್ಟಿತು.